ಮೆಟ್ಟೂರು ಜಲಾಶಯದ ದಂಡೆಯಲ್ಲಿ ನಮ್ಮ ಬಿಡಾರ

ಕಾವೇರಿ ನೀರಿನ ಸುದ್ದಿ ಬಂದಾಗಲೆಲ್ಲ ಮೆಟ್ಟೂರಿನ ಹೆಸರು ಬಾರದಿರುವುದಿಲ್ಲ. ಇಂದು ಇಷ್ಟು ಅಡಿ ನೀರು ಉಂಟು, ಇಷ್ಟು ಟಿ.ಎಂ.ಸಿ. ಬಿಡಬೇಕಾಗಿದೆ, ಇಷ್ಟು ಬಾಕಿ ಇದೆ ಎಂಬ ಅಂಕೆಗಳನ್ನು ನಾವೆಲ್ಲ ವರ್ಷಗಳಿಂದ ಓದುತ್ತಲೇ ಬಂದಿದ್ದೇವೆ. ಆದರೆ ಆ ನೀರು ನಿಂತಿರುವ ಸ್ಥಳ ಎಂಥದು, ಅದರ ದಂಡೆಯಲ್ಲಿ ಯಾರು ವಾಸವಾಗಿದ್ದಾರೆ, ಅವರ ಮನೆಮಾತು ಯಾವುದು ಎಂಬುದು ಆ ಅಂಕೆಗಳಿಂದ ತಿಳಿಯತಕ್ಕದ್ದಲ್ಲ. 2024ರ ಬೇಸಿಗೆ ರಜೆಯಲ್ಲಿ, ಲೋಕಸಭಾ ಚುನಾವಣೆಯ ಕರ್ತವ್ಯ ಮುಗಿದ ಮೇಲೆ, ನಾನೂ ನನ್ನ ಮನೆಯಾಕೆಯೂ ಆ ಜಲಾಶಯದ ಎರಡು ದಂಡೆಗಳಲ್ಲೂ ಸಂಚರಿಸಿ ಬಂದೆವು. ವಸತಿಗೃಹಗಳನ್ನು ಆದಷ್ಟು ದೂರವಿಟ್ಟು, ನೀರಿನ ಅಂಚಿನಲ್ಲೇ ಬಿಡಾರ ಹೂಡುವುದೆಂದು ಮೊದಲೇ ನಿಶ್ಚಯಿಸಿದ್ದೆವು.

ಸೇಲಂ ಪಟ್ಟಣದ ವಾಯವ್ಯಕ್ಕೆ, ಸುಮಾರು 50 ಕಿ.ಮೀ. ದೂರದಲ್ಲಿ, ಎರಡು ಗುಡ್ಡಗಳ ನಡುವೆ ಕಾವೇರಿಗೆ ಅಡ್ಡವಾಗಿ ಕಟ್ಟಿದ ಗೋಡೆಯೇ ಮೆಟ್ಟೂರು ಅಣೆಕಟ್ಟು. ಗೋಡೆಯ ಉದ್ದ 5,300 ಅಡಿ, ಎಂದರೆ ಒಂದು ಮೈಲು. 1925ರಲ್ಲಿ ಆರಂಭವಾದ ಕೆಲಸ 1934ರಲ್ಲಿ ಮುಗಿಯಿತು. ಆ ವರ್ಷ ಆಗಸ್ಟ್ 21ರಂದು ಅದನ್ನು ಉದ್ಘಾಟಿಸಿದ ಮದರಾಸಿನ ಗವರ್ನರ್ ಸರ್ ಜಾರ್ಜ್ ಸ್ಟ್ಯಾನ್ಲಿಯವರ ಹೆಸರೇ ಜಲಾಶಯಕ್ಕೆ ಬಂತು. ನೀರು 120 ಅಡಿಗೆ ಏರಿದಾಗ ಇದು ಹಿಡಿಸುವುದು 93.47 ಟಿ.ಎಂ.ಸಿ.; ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ನಾವು ದೊಡ್ಡದೆಂದು ಹೊಗಳುವ ಕನ್ನಂಬಾಡಿ ಕಟ್ಟೆಯಲ್ಲಿ ಹಿಡಿಸುವುದು 49 ಟಿ.ಎಂ.ಸಿ.ಯಷ್ಟೆ. ತುಂಬಿದಾಗ ಮೆಟ್ಟೂರಿನ ನೀರು 153 ಚದರ ಕಿ.ಮೀ. ನೆಲವನ್ನು ಮುಚ್ಚುತ್ತದೆ. ನಮ್ಮ ಕಾಸರಗೋಡು ಜಿಲ್ಲೆಯನ್ನು ಹದಿಮೂರು ಪಾಲು ಮಾಡಿ ಒಂದು ಪಾಲನ್ನು ನೀರಿನಲ್ಲಿ ಮುಳುಗಿಸಿದರೆ ಹೇಗೋ ಹಾಗೆ.

ಈ ನೀರಿಗೂ ನಮಗೂ ಸಂಬಂಧವೇನೆಂದು ಕೇಳುವವರಿಗೆ ಒಂದು ಮಾತು. ಕೊಡಗಿನ ಬೆಟ್ಟಗಳ ಮೇಲೆ ಬಿದ್ದ ಮಳೆಯಲ್ಲಿ ಪಶ್ಚಿಮಕ್ಕೆ ಇಳಿದದ್ದು ಪಯಸ್ವಿನಿಯಾಗಿ, ಚಂದ್ರಗಿರಿಯಾಗಿ ನಮ್ಮ ಊರಿನ ಪಕ್ಕದಲ್ಲೇ ಸಮುದ್ರ ಸೇರುತ್ತದೆ. ಪೂರ್ವಕ್ಕೆ ಇಳಿದದ್ದು ಕಾವೇರಿಯಾಗಿ ಮೆಟ್ಟೂರಿಗೆ ಹೋಗುತ್ತದೆ. ವಯನಾಡಿನ ಮಳೆಯೂ ಕಬಿನಿಯ ಮೂಲಕ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿ ಅಲ್ಲಿಗೇ ಹೋಗುತ್ತದೆ. ಮೆಟ್ಟೂರಿನಲ್ಲಿ ಕೇರಳದ ನೀರೂ ಉಂಟು, ಕೊಡಗಿನ ನೀರೂ ಉಂಟು.

ಡೇರೆಯೂ ಮೊಪೆಡ್ಡೂ

ಕಾಸರಗೋಡಿನಲ್ಲಿ ರಾತ್ರಿ ವೆಸ್ಟ್ ಕೋಸ್ಟ್ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಮಧ್ಯಾಹ್ನದ ಊಟದೊಳಗೆ ಸೇಲಂನಲ್ಲಿ ಇಳಿಯಬಹುದು. ನಮ್ಮ ಸಾಮಾನುಗಳಲ್ಲಿ ಮುಖ್ಯವಾದುದು ಶಾಲೆಯ ಸ್ಕೌಟ್ ದಳದ ಹಳೆಯ ಡೇರೆ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಪುಸ್ತಕದಲ್ಲಿ ಸಹಿ ಹಾಕಿಯೇ ತಂದದ್ದು. ಉಳಿದದ್ದೆಲ್ಲ ಮನೆಯಾಕೆಯ ಇಲಾಖೆ: ಒಂದು ಚಾಪೆ, ಎರಡು ಹೊದಿಕೆ, ಒಂದು ಅಲ್ಯುಮಿನಿಯಂ ಪಾತ್ರೆ, ಅವಲಕ್ಕಿ, ಬೆಲ್ಲ, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಎರಡು ಸೇರು ಕುಚ್ಚಲಕ್ಕಿ. "ಮೂರು ಕಲ್ಲಿನ ಒಲೆಯ ಮೇಲೆ ಕುಚ್ಚಲಕ್ಕಿ ಬೇಯುವಾಗ ನಡುರಾತ್ರಿ ಆದೀತು" ಎಂದು ನಾನು ಹೇಳಿದ್ದಕ್ಕೆ, "ನಮಗೆ ಅಲ್ಲಿ ಬೇರೆ ಕೆಲಸ ಏನುಂಟು?" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಸೇಲಂನಲ್ಲಿ ನಮ್ಮ ಪರಿಚಯದ ಒಂದು ದೇವಾಂಗರ ಮನೆ ಉಂಟು. ಚೌಡೇಶ್ವರಿಯನ್ನು ಪೂಜಿಸುವ ಈ ನೇಕಾರ ಜನ ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ಬಂದು ಸೇಲಂ, ಕೊಯಮತ್ತೂರುಗಳಲ್ಲಿ ನೆಲೆಸಿದವರು. ಮನೆಯೊಳಗಿನ ಮಾತು ಕನ್ನಡ. ಬರೆಯುವುದು, ಓದುವುದು, ಲೆಕ್ಕ ಇಡುವುದು ತಮಿಳಿನಲ್ಲಿ. ಮನೆಯ ಅಜ್ಜಿ ನನ್ನೊಡನೆ ಮಾತನಾಡುತ್ತ, ನಾನು ಕನ್ನಡದ ಮೇಷ್ಟ್ರೆಂದು ತಿಳಿದ ಮೇಲೆ, ಹಾಗಾದರೆ ಕನ್ನಡಕ್ಕೆ ಅಕ್ಷರವೂ ಉಂಟಲ್ಲವೇ, ಬರೆದು ತೋರಿಸಿ ಎಂದರು. ಅವರ ಹೆಸರನ್ನೇ ಒಂದು ಕಾಗದದ ಮೇಲೆ ಬರೆದುಕೊಟ್ಟೆ. ಅದನ್ನು ಅವರು ದೇವರ ಪಟದ ಹಿಂದೆ ಇಟ್ಟುಕೊಂಡರು. ಇಪ್ಪತ್ತು ವರ್ಷ ಪಾಠ ಮಾಡಿದವನಿಗೆ ಇಷ್ಟು ಮರ್ಯಾದೆಯಿಂದ ಯಾವ ವಿದ್ಯಾರ್ಥಿಯೂ ಅಕ್ಷರವನ್ನು ತೆಗೆದುಕೊಂಡದ್ದು ನೆನಪಿಲ್ಲ.

ಅವರ ಮನೆಯ ಟಿ.ವಿ.ಎಸ್. ಎಕ್ಸ್‌ಎಲ್ ಮೊಪೆಡ್ ನಮ್ಮ ವಾಹನವಾಯಿತು. ಅದು ಆ ಸೀಮೆಯ ಎತ್ತಿನ ಗಾಡಿ. ಹುಲ್ಲಿನ ಹೊರೆ, ಹಾಲಿನ ಕ್ಯಾನು, ಆಡು, ಅತ್ತೆ, ಎಲ್ಲವೂ ಅದರ ಮೇಲೆಯೇ ಸಾಗುತ್ತವೆ. ಮುಂದಿನ ಹಲಗೆಯ ಮೇಲೆ ಡೇರೆಯನ್ನಿಟ್ಟು, ಹಿಂದೆ ಮನೆಯಾಕೆಯನ್ನೂ ಅವಳ ತೊಡೆಯ ಮೇಲೆ ಅಡಿಗೆಯ ಚೀಲವನ್ನೂ ಕೂರಿಸಿಕೊಂಡು ಓಮಲೂರಿನ ದಾರಿ ಹಿಡಿದೆವು. ಗಂಟೆಗೆ 30 ಕಿ.ಮೀ. ಮೀರುವ ಪ್ರಶ್ನೆಯೇ ಇಲ್ಲ. ಆ ಬೇಸಿಗೆಯಲ್ಲಿ ಸೇಲಂನ ಬಿಸಿಲು ಎಷ್ಟಿತ್ತೆಂದರೆ, ಬೀಸುವ ಗಾಳಿಯೇ ಒಲೆಯ ಬಾಯಿಯಿಂದ ಬಂದಂತಿತ್ತು.

ಮೆಟ್ಟೂರು ಪಟ್ಟಣದ ವಿಷಯ ಹೆಚ್ಚು ಹೇಳುವುದಕ್ಕಿಲ್ಲ. ಅಣೆಕಟ್ಟಿನ ಕೆಳಗೆ ಉದ್ಯಾನ, ಮುನಿಯಪ್ಪನ ಗುಡಿ, ಮೀನು ಹುರಿಯುವ ಅಂಗಡಿಗಳ ಸಾಲು, ಅವುಗಳಾಚೆ ರಾಸಾಯನಿಕ ಕಾರ್ಖಾನೆಗಳು ಮತ್ತು ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು. ಹೆಚ್ಚಿನ ನೀರು ಹೊರಹೋಗುವ ಹದಿನಾರು ಬಾಗಿಲುಗಳ ತೂಬನ್ನು ಅಲ್ಲಿಯವರು ಹದಿನಾರು ಕಣ್ಣಿನ ಸೇತುವೆ ಎನ್ನುತ್ತಾರೆ; ಅಣೆಕಟ್ಟಿನ ಯೋಜನೆ ಮಾಡಿದ ಎಲ್ಲಿಸ್ ಎಂಬ ಇಂಜಿನಿಯರನ ಹೆಸರು ಅದಕ್ಕಿದೆ. ನಾವು ಹೋದಾಗ ಹದಿನಾರು ಕಣ್ಣುಗಳೂ ಒಣಗಿದ್ದವು. ಜಲಾಶಯದಲ್ಲಿ ನೀರು 50 ಅಡಿಯ ಆಸುಪಾಸಿನಲ್ಲಿತ್ತು. ಪ್ರತಿ ವರ್ಷ ಜೂನ್ 12ರಂದು ತಂಜಾವೂರು ಕಡೆಯ ಗದ್ದೆಗಳಿಗೆ ನೀರು ಬಿಡುವುದು ಇಲ್ಲಿಯ ವಾಡಿಕೆ. ಆ ವರ್ಷ ಅದು ಸಾಧ್ಯವಾಗಲಾರದೆಂದು ಮೇ ತಿಂಗಳಲ್ಲೇ ಮೀನಂಗಡಿಯವನು ಹೇಳಿದ, ಹಾಗೆಯೇ ಆಯಿತು.

ನೀರಿನಿಂದ ಎದ್ದ ನಂದಿ

ಮೆಟ್ಟೂರಿನಿಂದ ಪಶ್ಚಿಮ ದಂಡೆಯಲ್ಲಿ ಕೊಳತ್ತೂರಿನ ದಾರಿ ಹಿಡಿದು, ಅಲ್ಲಿಂದ ಬಲಕ್ಕೆ ಇಳಿದರೆ ಪಣ್ಣವಾಡಿ ಎಂಬ ಊರು. ಊರು ಮುಗಿದ ಮೇಲೆ ನೀರು ಸಿಗಬೇಕು. ಸಿಕ್ಕಿದ್ದು ನೀರಲ್ಲ, ಬಯಲು. ಒಡೆದ ಕೆಸರು, ಅದರಾಚೆ ಹಸುರು ಹೊಲ, ಅದರಾಚೆ ದನಗಳ ಹಿಂಡು, ಬಹಳ ದೂರದಲ್ಲಿ ಒಂದು ಬೆಳ್ಳಿಯ ಗೆರೆ. ಆ ಬಯಲಿನ ನಡುವೆ ಒಬ್ಬಂಟಿಯಾಗಿ ಒಂದು ದೊಡ್ಡ ನಂದಿ ಕುಳಿತಿತ್ತು.

ಇದು ಜಲಕಂಠೇಶ್ವರ ದೇವಸ್ಥಾನದ ನಂದಿ. ಅಣೆಕಟ್ಟು ಕಟ್ಟಿದಾಗ ಇಲ್ಲಿದ್ದ ಊರುಗಳ ಜನರು ಮೇಲಕ್ಕೆ ಹೋದರು, ದೇವಸ್ಥಾನವೂ ನಂದಿಯೂ ಇಲ್ಲೇ ಉಳಿದುವು. ಅದರಿಂದ ಸ್ವಲ್ಪ ದೂರದಲ್ಲಿ ಒಂದು ಹಳೆಯ ಇಗರ್ಜಿಯ ಗೋಪುರಗಳು. ನೀರು ಇಳಿಯುತ್ತ ಬಂದಾಗ ಮೊದಲು ಇಗರ್ಜಿಯ ತುದಿ, ಆಮೇಲೆ 70 ಅಡಿಯ ಆಸುಪಾಸಿನಲ್ಲಿ ನಂದಿಯ ತಲೆ ಕಾಣಿಸುತ್ತದೆ. ಆ ದಂಡೆಯ ಜನರಿಗೆ ಇದೇ ಮಾಪಕ. ನಂದಿಯ ಕಿವಿ ಕಂಡಿತು, ಕೊರಳು ಕಂಡಿತು ಎಂದು ಲೆಕ್ಕ ಹಾಕುತ್ತಾರೆಯೇ ಹೊರತು ಇಲಾಖೆಯ ಫಲಕ ನೋಡುವುದಿಲ್ಲ. ನಾವು ಹೋದಾಗ ನಂದಿ ಪೂರ್ತಿಯಾಗಿ ಹೊರಗಿತ್ತು. ಅದರ ನೆರಳಿನಲ್ಲಿ ಒಬ್ಬ ಹುಡುಗ ಆಡುಗಳನ್ನು ಬಿಟ್ಟು ನಿದ್ದೆ ಮಾಡುತ್ತಿದ್ದ.

ನೀರು ಇಳಿದ ನೆಲದಲ್ಲಿ ಬೇಸಾಯ ಮಾಡುವುದು ಇಲ್ಲಿಯ ಹಳೆಯ ಕ್ರಮ. ಮುಳುಗುವುದಕ್ಕೆ ಮೊದಲು ಯಾರ ಹೊಲವಾಗಿತ್ತೋ ಅವರ ಮೊಮ್ಮಕ್ಕಳು, ಅವರಿಲ್ಲದಿದ್ದರೆ ಬೇರೆಯವರು, ಅಲ್ಲಿ ಎಳ್ಳು, ನೆಲಗಡಲೆ, ರಾಗಿ, ಸೌತೆ ಹಾಕುತ್ತಾರೆ. ಮೆಕ್ಕಲು ಮಣ್ಣು, ಗೊಬ್ಬರ ಬೇಡ. ಆದರೆ ಭೂಮಿಯ ಮೇಲೆ ಹಕ್ಕಿಲ್ಲ, ಸಮಯದ ಮೇಲೆಯೂ ಹಕ್ಕಿಲ್ಲ. ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ತಂಜಾವೂರಿನವನು ದೇವರಿಗೆ ಕೈಮುಗಿಯುತ್ತಾನೆ. ಇಲ್ಲಿಯವನು ಕತ್ತಿ ಹಿಡಿದುಕೊಂಡು ಹೊಲಕ್ಕೆ ಓಡುತ್ತಾನೆ. ಒಂದೇ ಮಳೆ!

ಹೊಲದ ಅಂಚಿನ ಒಂದು ಮೀನುಗಾರರ ಮನೆಯವರನ್ನು ಕೇಳಿ ಅಲ್ಲೇ ಡೇರೆ ಹಾಕಿದೆವು. ಮನೆಯ ಯಜಮಾನನಿಗೆ ಮೊದಲು ನಮ್ಮ ಮೇಲೆ ಸಂಶಯ. ಗಂಡಹೆಂಡಿರು ಮನೆ ಬಿಟ್ಟು ಬಯಲಲ್ಲಿ ಮಲಗುವುದೆಂದರೆ ಸರ್ವೆಯವರೇ ಇರಬೇಕೆಂದು ಅವನ ಊಹೆ; ಸರ್ವೆಯವರು ಬಂದ ಮೇಲೆ ಒಳ್ಳೆಯದಾದ ಕತೆ ಆ ಊರಿನಲ್ಲಿ ಇಲ್ಲವಂತೆ. ನಾವು ಮೇಷ್ಟ್ರ ಜಾತಿಯೆಂದು ತಿಳಿದ ಮೇಲೆ ಸಮಾಧಾನವಾಯಿತು. ಮಲಯಾಳ ಬಲ್ಲವರಿಗೆ ತಮಿಳು ಅರ್ಧ ದಾರಿ ಸವೆದಂತೆ. ಮಾತಿಗೆ ಅಷ್ಟಾಗಿ ತೊಂದರೆಯಾಗಲಿಲ್ಲ.

ಅಷ್ಟರಲ್ಲಿ ಅವನ ಹೆಂಡತಿ ಒಳಗಿನಿಂದ ಬಂದು, ನಾವಿಬ್ಬರು ಮಾತನಾಡಿಕೊಳ್ಳುವುದನ್ನು ಕೇಳಿ, "ನೀವು ಕನ್ನಡದೋರಾ ಅಕ್ಕಾ?" ಎಂದಳು. ಅವಳ ತವರು ಮಲೆ ಮಹದೇಶ್ವರ ಬೆಟ್ಟದ ಆಚೆ, ಹನೂರಿನ ಕಡೆಯ ಒಂದು ಹಳ್ಳಿ. ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತೈದು ವರ್ಷ. ಗಂಡನೊಡನೆ ತಮಿಳು, ದನಗಳೊಡನೆ ಕನ್ನಡ. "ಮಾದಪ್ಪನ ಜಾತ್ರೆಗೆ ವರ್ಷ ವರ್ಷ ಹೋಗ್ತೀನಿ. ಆದ್ರೆ ನೀರಿನ ಗಲಾಟೆ ಆದ್ರೆ ಬಸ್ಸು ಪಾಲಾರಲ್ಲೇ ನಿಂತೋಯ್ತದೆ. 2016ರಾಗೆ ನಮ್ಮವ್ವನಿಗೆ ಹುಷಾರಿಲ್ಲ ಅಂತ ಫೋನು ಬಂತು. ಬಸ್ಸೂ ಇಲ್ಲ, ಆಟೋದವ್ರೂ ಬರಲ್ಲ ಅಂದ್ರು. ಸೇತುವೆ ತನಕ ಹೋಗಿ, ನಡ್ಕೊಂಡು ದಾಟಿ, ಆ ಕಡೆ ಒಂದು ಲಾರಿ ಹತ್ಕೊಂಡು ಹೋದೆ" ಎಂದಳು. ತಾಯಿ ಆ ಸಲ ಬದುಕಿಕೊಂಡರಂತೆ. ಇದನ್ನು ಅವಳು ದೂರಿನಂತೆ ಹೇಳಲಿಲ್ಲ. ಮಳೆಗಾಲದಲ್ಲಿ ಹೊಳೆ ಬಂದರೆ ದಾರಿ ಕಟ್ಟುತ್ತದೆ ಎಂದು ನಮ್ಮೂರಿನ ಹಿರಿಯರು ಹೇಳುತ್ತಿದ್ದ ಧಾಟಿಯಲ್ಲಿ ಹೇಳಿದಳು.

2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಬಸ್ಸುಗಳು ಉರಿದದ್ದನ್ನು ನಾವು ಟಿ.ವಿ.ಯಲ್ಲಿ ನೋಡಿದ್ದೆವು. 1991ರ ಡಿಸೆಂಬರಿನ ಗಲಭೆಯನ್ನು ಕಂಡವರು ಇನ್ನೂ ಇದ್ದಾರೆ. ನ್ಯಾಯಮಂಡಳಿ ಕೂತದ್ದು 1990ರಲ್ಲಿ, ಅದರ ಕೊನೆಯ ತೀರ್ಪು 2007ರಲ್ಲಿ, ಸುಪ್ರೀಂ ಕೋರ್ಟಿನದು 2018ರ ಫೆಬ್ರವರಿ 16ರಂದು. ಅದರ ಪ್ರಕಾರ ಕರ್ನಾಟಕವು ಸಾಮಾನ್ಯ ವರ್ಷದಲ್ಲಿ 177.25 ಟಿ.ಎಂ.ಸಿ. ನೀರನ್ನು ಗಡಿಯ ಬಿಳಿಗುಂಡ್ಲುವಿನ ಮಾಪನ ಕೇಂದ್ರದಲ್ಲಿ ತಮಿಳುನಾಡಿಗೆ ಒಪ್ಪಿಸಬೇಕು. ಕೇರಳದ ಪಾಲು 30 ಟಿ.ಎಂ.ಸಿ. ಇಷ್ಟೆಲ್ಲ ತೂಕ ಅಳತೆಗಳಲ್ಲಿ ಒಬ್ಬ ಮಗಳು ತಾಯಿಯನ್ನು ನೋಡಹೋಗುವ ಬಸ್ಸಿನ ಲೆಕ್ಕ ಯಾವ ಕಲಮಿನಲ್ಲಿ ಬರುತ್ತದೆ?

ಆ ರಾತ್ರಿ ಕುಚ್ಚಲಕ್ಕಿ ಬೆಂದದ್ದು ಒಂಬತ್ತೂವರೆಗೆ. ಮನೆಯವರು ಕೊಟ್ಟ ಮೀನು ಕಾಟ್ಲಾ. ಕಾಟ್ಲಾ, ರೋಹು ಇವು ಕಾವೇರಿಯ ಮೂಲ ಮೀನುಗಳಲ್ಲ. ಹೊರಗಿನಿಂದ ತಂದು ಬಿಟ್ಟವು, ಈಗ ಊರಿನವೇ ಆಗಿಬಿಟ್ಟಿವೆ. ತಿಲಾಪಿಯಾ ಎಂಬ ವಿದೇಶೀ ಮೀನಿಗಂತೂ ತಮಿಳರು ಜಿಲೇಬಿ ಎಂದು ಹೆಸರಿಟ್ಟು ಒಳಗೆ ಸೇರಿಸಿಕೊಂಡಿದ್ದಾರೆ. ನನ್ನಾಕೆ ಕಾಟ್ಲಾದ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡ ಮೇಲೆ, "ಎಷ್ಟಾದರೂ ನಮ್ಮ ಬೂತಾಯಿಗೆ ಸಮವಲ್ಲ" ಎಂದು ತೀರ್ಪು ಕೊಟ್ಟಳು. ಮೇಲ್ಮನವಿಗೆ ಅವಕಾಶವಿಲ್ಲ.

ಪಾಲಾರಿನ ಸೇತುವೆ

ಮರುದಿನ ನಸುಕಿನಲ್ಲೇ ಹೊರಟು ಪಶ್ಚಿಮ ದಂಡೆಯಲ್ಲಿ ಉತ್ತರಕ್ಕೆ ನಡೆದೆವು. ಕಾವೇರಿಪುರ, ಗೋವಿಂದಪಾಡಿ. ಕಾವೇರಿಪುರದ ಕಣಿವೆ ಹಿಂದೆ ಮೈಸೂರು ಸೀಮೆಯಿಂದ ಕೆಳಗಿನ ಬಯಲಿಗೆ ಇಳಿಯುವ ದಾರಿ. ಹೈದರ್, ಟಿಪ್ಪುಗಳ ಕಾಲದಲ್ಲಿ ಸೈನ್ಯಗಳು ಹತ್ತಿ ಇಳಿದದ್ದು ಇಲ್ಲೇ. ಈಗ ಹತ್ತಿ ಇಳಿಯುವವರು ಮಾದೇಶ್ವರನ ಭಕ್ತರು. ಪಾಲಾರೆಂಬ ಹೊಳೆ ಜಲಾಶಯವನ್ನು ಸೇರುವಲ್ಲಿ ಒಂದು ಸೇತುವೆ. ಈಚೆ ತಮಿಳುನಾಡಿನ ಸೇಲಂ ಜಿಲ್ಲೆ, ಆಚೆ ಕರ್ನಾಟಕದ ಚಾಮರಾಜನಗರ ಜಿಲ್ಲೆ.

ಆಚೆಯ ಚಹಾದಂಗಡಿಯಲ್ಲಿ ಫಲಕ ಕನ್ನಡದಲ್ಲಿ, ಮಾತು ತಮಿಳಿನಲ್ಲಿ. ಅಂಗಡಿಯವನ ಮಗ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ. ನಾನು ಪರೀಕ್ಷೆಗೆಂದು ಒಂದೆರಡು ಪ್ರಶ್ನೆ ಕೇಳಿದರೆ ಚೊಕ್ಕಟವಾದ ಕನ್ನಡದಲ್ಲಿ ಉತ್ತರ ಕೊಟ್ಟು, ತಂದೆಯ ಕಡೆ ತಿರುಗಿ ತಮಿಳಿನಲ್ಲಿ ನನ್ನ ಬಗ್ಗೆ ಏನೋ ಹೇಳಿ ನಕ್ಕ. ಸೇಲಂನಲ್ಲಿ ಕನ್ನಡ ಮಾತನಾಡಿ ತಮಿಳು ಬರೆಯುವ ಮನೆ. ಇಲ್ಲಿ ತಮಿಳು ಮಾತನಾಡಿ ಕನ್ನಡ ಬರೆಯುವ ಹುಡುಗ. ನಮ್ಮಲ್ಲಿಯಂತೂ ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ.

ಅಲ್ಲಿ ನಿಂತಾಗ ನೆನಪಾದದ್ದು 1956ರ ನವೆಂಬರ್ 1. ಆ ದಿನದವರೆಗೆ ಈ ಸೇತುವೆಯ ಆಚೆಗಿರುವ ಕೊಳ್ಳೇಗಾಲ ತಾಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕಾಸರಗೋಡು ತಾಲೂಕು ಅದೇ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಮೆಟ್ಟೂರು ಕಟ್ಟೆಯನ್ನು ಕಟ್ಟಿದ ಸರಕಾರ ಯಾವುದೋ ಅದಕ್ಕೇ ನಮ್ಮ ಹಿರಿಯರೂ ತೀರುವೆ ಕಟ್ಟುತ್ತಿದ್ದರು. ರಾಜ್ಯಗಳ ಪುನರ್ವಿಂಗಡಣೆಯಾದ ಅದೊಂದೇ ದಿನ ಕೊಳ್ಳೇಗಾಲ ಮೈಸೂರಿಗೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು. ನಮ್ಮಲ್ಲಿ ಆ ದಿನವನ್ನು ನೆನೆದು ಇಂದಿಗೂ ನಿಟ್ಟುಸಿರು ಬಿಡುವವರಿದ್ದಾರೆ. ಅದೇ ದಿನ ಇನ್ನೊಂದು ಗಡಿಯಲ್ಲಿ ಗೆರೆ ಎಳೆದಾಗ ಅಲ್ಲಿಯೂ ಅತ್ತ ಇತ್ತ ಆದ ಮನೆಗಳಿದ್ದುವು ಎಂಬುದು ನಮ್ಮ ಚರ್ಚೆಗಳಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ಚಂದ್ರಗಿರಿಯ ಸೇತುವೆಯನ್ನು ದಿನವೂ ದಾಟುವ ನಮಗೆ ಪಾಲಾರಿನ ಸೇತುವೆ ಅಪರಿಚಿತವಾಗಿರಬೇಕಾದ್ದಿಲ್ಲ.

ಈ ಕಾಡಿನ ಹೆಸರೆತ್ತಿದರೆ ಎಲ್ಲರೂ ಕೇಳುವುದು ವೀರಪ್ಪನ್ ವಿಷಯ. ಗೋಪಿನಾಥಂ ಅವನ ಹುಟ್ಟೂರು, ಸೇತುವೆಯಾಚೆ ಬಲಕ್ಕೆ ಹೋದರೆ ಸಿಗುತ್ತದೆ. ಪಾಲಾರಿನ ಬಳಿ 1993ರ ಏಪ್ರಿಲ್ 9ರಂದು ಅವನ ತಂಡ ಇಟ್ಟ ನೆಲಬಾಂಬಿಗೆ 22 ಮಂದಿ ಬಲಿಯಾದರು. ಈಚೆ ಮೂಲಕ್ಕಾಡಿನಲ್ಲಿ ಅವನ ಗೋರಿ ಉಂಟು, ನೋಡಲು ಹೋಗುವವರೂ ಉಂಟು. ನಾವು ಆ ಕಡೆ ತಲೆ ಹಾಕಲಿಲ್ಲ. ನೆನೆಯಬೇಕಾದ ಹೆಸರು ಬೇರೊಂದಿದೆ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಗೋಪಿನಾಥಂನಲ್ಲಿ ಜನರ ನಡುವೆ ಬದುಕಿ, ಊರಿಗೆ ಮಾರಮ್ಮನ ಗುಡಿ ಕಟ್ಟಿಸಿಕೊಟ್ಟು, ಬಂದೂಕಿಗಿಂತ ವಿಶ್ವಾಸದಿಂದ ಕೆಲಸವಾದೀತೆಂದು ನಂಬಿದವರು. ಶರಣಾಗುತ್ತೇನೆಂದು ಕರೆಸಿಕೊಂಡ ವೀರಪ್ಪನ್ 1991ರ ನವೆಂಬರ್ 10ರಂದು ಅವರನ್ನು ಕೊಂದ. ಅವರಿಗೆ ಮರಣೋತ್ತರ ಕೀರ್ತಿಚಕ್ರ ಬಂತು.

ಪಾಲಾರಿನಿಂದ ಮುಂದೆ ಜಲಾಶಯದ ಅಂಚನ್ನೇ ಹಿಡಿದು ಮೇಲ್ಗಡೆಯಿಂದ ಸುತ್ತಿ ಬರುವ ದಾರಿ ಇಲ್ಲ. ಕಾಡು, ಬೆಟ್ಟ, ನದಿ. ಆದುದರಿಂದ ಹಿಂದಿರುಗಿ ಕೋಟೆಯೂರಿನ ಕಡವಿಗೆ ಬಂದೆವು. ಎದುರು ದಂಡೆಯ ಒಟ್ಟನೂರು ಧರ್ಮಪುರಿ ಜಿಲ್ಲೆಗೆ ಸೇರಿದ್ದು. ರಸ್ತೆಯಲ್ಲಿ ಅಲ್ಲಿಗೆ ಹೋಗಬೇಕಾದರೆ ಮೆಟ್ಟೂರಿಗೆ ಮರಳಿ ಮೇಚೇರಿಯ ಮೇಲೆ ದೊಡ್ಡ ಸುತ್ತು. ದೋಣಿಯಲ್ಲಾದರೆ ಒಂದು ಎಲೆಯಡಿಕೆ ಹಾಕುವಷ್ಟು ಹೊತ್ತು. ಇಲ್ಲೊಂದು ಸೇತುವೆ ಬೇಕೆಂಬುದು ಎರಡೂ ದಂಡೆಯವರ ಬಹುಕಾಲದ ಬೇಡಿಕೆ. ಮೊಪೆಡ್ಡನ್ನು ನಾಲ್ವರು ಹೊತ್ತು ದೋಣಿಗೇರಿಸಿದರು. ಸಹಪ್ರಯಾಣಿಕರು ಎರಡು ಆಡು, ಒಬ್ಬ ಆಸ್ಪತ್ರೆಯಿಂದ ಮರಳುವ ಮುದುಕ, ಮದುವೆಗೆ ಹೊರಟ ಒಂದು ಕುಟುಂಬ. ನಡುನೀರಿನಲ್ಲಿ ಮನೆಯಾಕೆ ಚೀಲವನ್ನು ಅಪ್ಪಿ ಹಿಡಿದುಕೊಂಡು, "ಡೇರೆ ಹೋದರೆ ಹೋಗಲಿ, ಉಪ್ಪಿನಕಾಯಿ ಜೋಪಾನ" ಎಂದಳು. ಶಾಲೆಯ ಪುಸ್ತಕದಲ್ಲಿ ಸಹಿ ಹಾಕಿದವನು ನಾನಲ್ಲವೇ!

ಆ ರಾತ್ರಿ ಒಟ್ಟನೂರಿನ ಕಡೆ, ನೀರು ಇಳಿದ ಮಣ್ಣಿನ ಮೇಲೆಯೇ ಮಲಗಿದೆವು. ಸಂಜೆ ಗಾಳಿ ಎದ್ದು ಡೇರೆಯ ಹಗ್ಗ ಕಿತ್ತಿತು. ಪಕ್ಕದ ಎಳ್ಳಿನ ಹೊಲದವನು ಬಂದು ತನ್ನ ಗೂಟಗಳನ್ನು ಹೊಡೆದು ಕಟ್ಟಿಕೊಟ್ಟ. ಕಾಲ ಕೆಳಗಿನ ಮಣ್ಣಿನಲ್ಲಿ ಹೆಂಚಿನ ಚೂರುಗಳಿದ್ದುವು. ಒಂದು ಬೀಸುಕಲ್ಲಿನ ಒಡಕು ಕೂಡ ಸಿಕ್ಕಿತು. ಮನೆಯಾಕೆ ಅದನ್ನು ಒಲೆಗೆ ಮೂರನೆಯ ಕಲ್ಲಾಗಿ ಇಡಹೋದವಳು ಏನೋ ನೆನೆದು, ಸರಿಸಿಟ್ಟು, ಬೇರೆ ಕಲ್ಲು ಹುಡುಕಿ ತಂದಳು.

ಹೊಗೆಯ ಕಲ್ಲು

ಏರಿಯೂರು, ಪೆನ್ನಾಗರಂ ದಾರಿಯಲ್ಲಿ ಕುಡಿಯುವ ನೀರಿನ ಮಾತು ಬರದೆ ಇರದು. ಧರ್ಮಪುರಿ ಸೀಮೆಯ ಬಾವಿ, ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದುಗಟ್ಟುವುದು, ಎಲುಬು ಬಾಗುವುದು ಅದರ ಫಲ. ಮನೆಯ ಪಕ್ಕದಲ್ಲಿ ಕಡಲಿನಂಥ ಜಲಾಶಯ, ಅದರ ನೀರು ಹೋಗುವುದು ದೂರದ ತಂಜಾವೂರಿನ ಬಯಲಿಗೆ. ಹೊಗೆನಕಲ್ಲಿನಿಂದ ಕುಡಿಯುವ ನೀರು ತರುವ ಯೋಜನೆಗೆ 2008ರಲ್ಲಿ ಅಡಿಗಲ್ಲಿಟ್ಟಾಗ ಕರ್ನಾಟಕದಲ್ಲಿ ದೊಡ್ಡ ಪ್ರತಿಭಟನೆಯಾಯಿತು. ಜಪಾನಿನ ಸಾಲದ ನೆರವಿನಿಂದ ಕೆಲಸ ನಡೆದು 2013ರಲ್ಲಿ ನೀರು ಬಂತು. ನದಿಯ ಪಾಲಿನ ಬಗ್ಗೆ ಯಾರ ವಾದ ಏನೇ ಇರಲಿ, ಆ ಸೀಮೆಯ ಮಕ್ಕಳ ಹಲ್ಲನ್ನು ನೋಡಿದ ಮಾಸ್ತರನಿಗೆ ಈ ಯೋಜನೆಯನ್ನು ಬೇಡವೆನ್ನಲು ಬಾಯಿ ಬಾರದು.

ಪೆನ್ನಾಗರಂನಿಂದ ಕಾಡಿನ ಘಾಟಿ ಇಳಿದರೆ ಹೊಗೆನಕಲ್ಲು. ಹೊಗೆ ಮತ್ತು ಕಲ್ಲು, ಶುದ್ಧ ಕನ್ನಡದ ಹೆಸರು. ಬೀಳುವ ನೀರಿನ ತುಂತುರು ಬಂಡೆಗಳಿಂದ ಹೊಗೆಯಂತೆ ಏಳುವುದರಿಂದ ಬಂದದ್ದು. ಹೆಸರು ಕನ್ನಡವೆಂದ ಮಾತ್ರಕ್ಕೆ ಸ್ಥಳವೂ ನಮ್ಮದೆಂದು ವಾದಿಸುವವರಿಗೆ ಕಾಸರಗೋಡಿನವರು ಏನು ಹೇಳಬೇಕೋ ತಿಳಿಯದು. ನಮ್ಮ ಊರುಗಳ ಹೆಸರಿನ ವಿಷಯದಲ್ಲಿ ನಾವು ಪಡುವ ಪಾಡು ನಮಗೆ ಗೊತ್ತು. ನದಿ ಇಲ್ಲಿ ಹಲವು ಸೀಳಾಗಿ ಕರಿಬಂಡೆಗಳ ನಡುವೆ ಧುಮುಕುತ್ತದೆ. ಆಚೆ ದಡ ಕರ್ನಾಟಕ. ದನಗಳಲ್ಲಿ ಹೆಸರಾದ ಆಲಂಬಾಡಿ ತಳಿಯ ಊರು ಅತ್ತ ಕಡೆಯೇ.

ಬಿದಿರಿನ ಬುಟ್ಟಿಗೆ ಡಾಂಬರು ಬಳಿದ ಹರಿಗೋಲಿನಲ್ಲಿ, ಅಲ್ಲಿಯ ಮಾತಿನಲ್ಲಿ ಪರಿಸಲಿನಲ್ಲಿ, ಕೂತು ಬಂಡೆಗಳ ಗೋಡೆಯ ನಡುವೆ ಹೋದೆವು. ನೀರು ಕಡಿಮೆ, ಆದುದರಿಂದ ಭಯವೂ ಕಡಿಮೆ. ಅಂಬಿಗನು ನಡುವೆ ಬುಟ್ಟಿಯನ್ನು ಗಿರ್ರನೆ ತಿರುಗಿಸಿದಾಗ ನನಗೆ ಎರಡೂ ರಾಜ್ಯಗಳು ಒಂದೇ ಆಗಿ ಕಂಡುವು. ದಡದಲ್ಲಿ ಎಣ್ಣೆ ತಿಕ್ಕುವವರು ಗಿರಾಕಿಗಳನ್ನು ಬಂಡೆಯ ಮೇಲೆ ಮಲಗಿಸಿ ಹಪ್ಪಳದ ಹಿಟ್ಟಿನಂತೆ ನಾದುತ್ತಿದ್ದರು. ಆ ಸುಖಕ್ಕೆ ನಾನು ಒಳಗಾಗಲಿಲ್ಲ.

ಹೊಗೆನಕಲ್ಲಿನಲ್ಲಿ ಡೇರೆ ಬಿಚ್ಚುವಂತಿಲ್ಲ. ಸುತ್ತ ಮೀಸಲು ಅರಣ್ಯ, ರಾತ್ರಿ ಆನೆಗಳು ನೀರಿಗೆ ಇಳಿಯುತ್ತವೆ. ಕಾವಲುಗಾರರು ಹೇಳುವ ಮುಂಚೆಯೇ ಇದು ನಮಗೆ ತಿಳಿದಿತ್ತು. ಒಂದು ಕೊಠಡಿ ಹಿಡಿದೆವು. ಮಂಚ, ಫ್ಯಾನು, ನಲ್ಲಿ ಎಲ್ಲವೂ ಇತ್ತು, ನಿದ್ದೆ ಮಾತ್ರ ಮೊದಲೆರಡು ರಾತ್ರಿಯಷ್ಟು ಬರಲಿಲ್ಲ.

ಮರಳುವಾಗ ಪಾಪ್ಪಾರಪಟ್ಟಿಯ ಮೇಲೆ ಬಂದೆವು. ಸ್ವಾತಂತ್ರ್ಯ ಹೋರಾಟಗಾರ ಸುಬ್ರಹ್ಮಣ್ಯ ಶಿವ 1925ರ ಜುಲೈ 23ರಂದು ತೀರಿಕೊಂಡದ್ದು ಇಲ್ಲಿ. 2004ರ ಅಕ್ಟೋಬರ್ 18ರಂದು ವೀರಪ್ಪನ್ ಗುಂಡಿಗೆ ಬಲಿಯಾದದ್ದೂ ಇಲ್ಲಿಯ ಹತ್ತಿರವೇ. ದಾರಿ ಕೇಳಿದರೆ ಜನ ಗುರುತು ಹೇಳುವುದು ಎರಡನೆಯದನ್ನು. ಧರ್ಮಪುರಿಯಲ್ಲಿ ಥಾಮಸ್ ಮನ್ರೋವಿನ ನೆನಪಿದೆ. 1792ರಲ್ಲಿ ಟಿಪ್ಪು ಬಿಟ್ಟುಕೊಟ್ಟ ಬಾರಾಮಹಲ್ ಸೀಮೆಯಲ್ಲಿ ಏಳು ವರ್ಷ ಕಂದಾಯದ ಕೆಲಸ ಕಲಿತು, ಟಿಪ್ಪುವಿನ ಪತನದ ನಂತರ 1799ರಲ್ಲಿ ಆತ ನೇರವಾಗಿ ಬಂದದ್ದು ನಮ್ಮ ಕನ್ನಡ ಜಿಲ್ಲೆಗೆ, ಕಲೆಕ್ಟರನಾಗಿ. ಧರ್ಮಪುರಿಯ ಹೊಲಗಳನ್ನು ಅಳೆದು ಪಳಗಿದ ಕೈಯೇ ಮುಂದೆ ನಮ್ಮ ಅಜ್ಜಂದಿರ ಗದ್ದೆಗಳಿಗೂ ತೀರುವೆ ಹಾಕಿತು ಎಂದಾಯಿತು.

ಶಾಲೆ ತೆರೆದು ಡೇರೆಯನ್ನು ಒಪ್ಪಿಸಿ, ಪುಸ್ತಕದಲ್ಲಿ ಮತ್ತೆ ಸಹಿ ಹಾಕಿದೆ. ಒಂದು ಗೂಟ ಹೆಚ್ಚಿಗೆ ಬಂದದ್ದನ್ನು ಹೇಗೆ ಜಮಾ ಮಾಡುವುದೆಂದು ತಿಳಿಯದೆ ಅದನ್ನು ಮನೆಯಲ್ಲೇ ಇಟ್ಟುಕೊಂಡಿದ್ದೇನೆ.

ಆ ಜುಲೈಯಲ್ಲಿ ಮಳೆ ಹಿಡಿಯಿತು. ಎರಡು ವಾರಗಳ ಆಸುಪಾಸಿನಲ್ಲಿ ಮೆಟ್ಟೂರಿನ ನೀರು 70 ಅಡಿಗೂ ಹೆಚ್ಚು ಏರಿ, ಜುಲೈ 30ರಂದು 120 ಅಡಿ ತುಂಬಿತು. ಅಂದೇ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಬೆಟ್ಟ ಕುಸಿದಿತ್ತು. ಅಲ್ಲಿಯ ನೀರು ಚಾಲಿಯಾರಿಗೆ ಇಳಿದು ಪಶ್ಚಿಮಕ್ಕೆ ಹೋಯಿತು. ಬೆಟ್ಟದ ಆಚೆ ಮಗ್ಗುಲಿನದು ಕಬಿನಿಗೆ ಬಿದ್ದು ಮೆಟ್ಟೂರಿಗೆ. ಮೊದಲನೆಯ ಸುದ್ದಿಯ ನಡುವೆ ಎರಡನೆಯದು ಯಾರ ಕಣ್ಣಿಗೂ ಬೀಳಲಿಲ್ಲ, ಬೀಳಬೇಕಾಗಿಯೂ ಇರಲಿಲ್ಲ.

ಒಂದು ವಾರ ಕಳೆದು ಪಣ್ಣವಾಡಿಯಿಂದ ಮನೆಯಾಕೆಗೆ ಫೋನು ಬಂತು. ಟಿ.ವಿ.ಯಲ್ಲಿ ಕೇರಳದ ಚಿತ್ರಗಳನ್ನು ನೋಡಿ, ನಾವು ಕ್ಷೇಮವೇ ಎಂದು ಕೇಳಲು. ವಯನಾಡು ನಮಗೆ ದೂರವೆಂದು ಇವಳು ಹೇಳಿದಳು. ಅಲ್ಲಿ ನಂದಿ ಮುಳುಗಿದೆ, ಡೇರೆ ಹಾಕಿದ ಜಾಗದ ಮೇಲೆ ಈಗ ದೋಣಿ ಹೋಗುತ್ತದೆ, ಎಳ್ಳು ಅರ್ಧ ಕೈಗೆ ಬಂತು, ಅರ್ಧ ನೀರಿಗೆ ಹೋಯಿತು ಎಂದಳಂತೆ. ಈ ವರ್ಷ ನೀರು ಬೇಕಾದಷ್ಟು ಬಂದಿರುವುದರಿಂದ ಗಲಾಟೆ ಇಲ್ಲ, ಪಾಲಾರಿನ ಬಸ್ಸು ಓಡುತ್ತಾ ಉಂಟು, ನಾಳೆ ಅವ್ವನನ್ನು ನೋಡಲು ಹೊರಟಿದ್ದೇನೆ ಎಂದಳಂತೆ.